ಎಣ್ಣೆ ಮೊದಲು ತೀರುವುದೆಲ್ಲಿ?

ಭಾಷೆಯ ಪಾಠ ಹೇಳುವವನಿಗೆ ಒಂದು ಚಾಳಿ ಇರುತ್ತದೆ. ಯಾವ ವಿಷಯವನ್ನೆತ್ತಿಕೊಂಡರೂ ಮೊದಲು ಅದರ ಶಬ್ದದ ಬೆನ್ನು ಹತ್ತುತ್ತಾನೆ. ಓದುಗರು ಸ್ವಲ್ಪ ಹೊತ್ತು ಈ ಚಾಳಿಯನ್ನು ಸಹಿಸಿಕೊಳ್ಳಬೇಕು. ‘ಎಣ್ಣೆ’ ಎಂಬುದು ನಮ್ಮ ಹಳೆಯ ಮಾತು. ‘ಎಳ್’ ಎಂದರೆ ಎಳ್ಳು. ‘ನೆಯ್’ ಎಂದರೆ ತುಪ್ಪ, ಜಿಡ್ಡು. ಎರಡೂ ಕೂಡಿ ಎಣ್ಣೆಯಾಯಿತು. ಸಂಸ್ಕೃತದ ‘ತೈಲ’ವೂ ‘ತಿಲ’ದಿಂದ, ಎಂದರೆ ಎಳ್ಳಿನಿಂದಲೇ, ಹುಟ್ಟಿದ್ದು. ಇಂಗ್ಲಿಷಿನ ‘ಆಯಿಲ್’ ಎಂಬ ಮಾತಿನ ಮೂಲ ಯುರೋಪಿನ ದಕ್ಷಿಣದಲ್ಲಿ ಬೆಳೆಯುವ ಆಲಿವ್ ಮರದಲ್ಲಿದೆ. ನೋಡಿ, ಪ್ರತಿಯೊಂದು ಜನವೂ ತನ್ನ ನೆಲದಲ್ಲಿ ಬೆಳೆದ ಕಾಳಿನಿಂದಲೋ ಕಾಯಿಯಿಂದಲೋ ಎಣ್ಣೆಗೆ ಹೆಸರಿಟ್ಟಿದೆ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಮನೆಗಳಿಗೆ ಬಂದ ಒಂದು ಎಣ್ಣೆಗೆ ಮಾತ್ರ ಇಂಥ ಹೆಸರು ಸಿಗಲಿಲ್ಲ. ಅದು ಯಾವ ಗಾಣದಿಂದಲೂ ಬಂದದ್ದಲ್ಲ. ಸೀಮೆಸುಣ್ಣ, ಸೀಮೆಬದನೆ, ಸೀಮೆಹಸು ಎಂದು ಹೊರದೇಶದ ಪದಾರ್ಥಗಳನ್ನು ಕರೆದಂತೆ ಇದನ್ನೂ ಸೀಮೆಯೆಣ್ಣೆ ಎಂದು ಕರೆದರು. ಕರಾವಳಿಯವರು ಅದನ್ನು ಉರಿಸುವ ದೀಪದಿಂದ ಚಿಮಣಿ ಎಣ್ಣೆ ಎಂದರು. ಈ ಎಣ್ಣೆ ನಮ್ಮದಲ್ಲ, ದೂರದಿಂದ ಬರತಕ್ಕದ್ದು ಎಂಬ ಎಚ್ಚರಿಕೆ ಆ ಹೆಸರಿನಲ್ಲಿಯೇ ಇತ್ತು. ನಾವು ಹೆಸರನ್ನು ಉಳಿಸಿಕೊಂಡೆವು, ಎಚ್ಚರಿಕೆಯನ್ನು ಮರೆತೆವು.

ನನಗೆ ಅದು ಮೊದಲು ಅರಿವಾದದ್ದು 1980ರಲ್ಲಿ, ಸೊಸೈಟಿ ಅಂಗಡಿಯ ಮುಂದೆ. ಆಗ ನನಗೆ ಹನ್ನೊಂದು ವರ್ಷ. ನಮ್ಮ ಊರಿನ ಆ ಅಂಗಡಿಗೆ ಸೀಮೆಯೆಣ್ಣೆಯ ಪೀಪಾಯಿ ಬರುತ್ತದೆಂದು ಸುದ್ದಿಯಾದರೆ ಬೆಳಗಿನ ಜಾವಕ್ಕೇ ಸಾಲು ಕಟ್ಟುತ್ತಿತ್ತು. ಜನರು ನಿಲ್ಲುವ ಮೊದಲು ಡಬ್ಬಗಳು ನಿಲ್ಲುತ್ತಿದ್ದವು. ಡಬ್ಬದ ಮೇಲೊಂದು ಕಲ್ಲು, ಕಲ್ಲಿನ ಕೆಳಗೆ ರೇಷನ್ ಚೀಟಿ. ನಮ್ಮ ಮನೆಯಿಂದ ಸಾಲಿಗೆ ಹೋಗುತ್ತಿದ್ದವಳು ಅಕ್ಕ. ಅವಳು ಆ ವರ್ಷ ಎಸ್. ಎಸ್. ಎಲ್. ಸಿ. ಓದುತ್ತಿದ್ದಳು. ‘ಹುಡುಗ ಚಿಕ್ಕವನು, ಅವನಿಗೆ ಪಾಠ ತಪ್ಪಬಾರದು’ ಎಂದು ಅಮ್ಮ ನನ್ನನ್ನು ಶಾಲೆಗೆ ಕಳುಹಿಸುತ್ತಿದ್ದಳು. ಅಕ್ಕ ಹಿಡಿದು ತಂದ ಎಣ್ಣೆಯ ಬೆಳಕಿನಲ್ಲಿ ನಾನು ಓದಿದೆ. ಅಕ್ಕನಿಗೆ ಪಾಠಗಳು ತಪ್ಪಿದವು. ಗಣಿತದಲ್ಲಿ ಅವಳು ಉತ್ತೀರ್ಣಳಾಗಲಿಲ್ಲ, ಮತ್ತೆ ಪರೀಕ್ಷೆಗೆ ಕಟ್ಟಲೂ ಇಲ್ಲ. ಪೀಪಾಯಿ ಏಕೆ ಬರಲಿಲ್ಲ ಎಂದು ಆಗ ನಮಗೆ ಯಾರೂ ಹೇಳಲಿಲ್ಲ. ನಾನು ಮೇಷ್ಟರಾದ ಮೇಲೆ ಪುಸ್ತಕಗಳನ್ನು ಹುಡುಕಿ ಓದಿದಾಗ ಅದರ ಕಾರಣ ಬಹಳ ದೂರದಲ್ಲಿ, ಬಹಳ ಹಿಂದೆ ಇದ್ದುದು ತಿಳಿಯಿತು. ಆ ಕಥೆಯನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತೇನೆ.

ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದಲ್ಲಿ ಟೈಟಸ್‌ವಿಲ್ ಎಂಬ ಸಣ್ಣ ಊರು. ಅಲ್ಲಿ ಎಡ್ವಿನ್ ಡ್ರೇಕ್ ಎಂಬಾತ 1859ನೆಯ ಇಸವಿ ಆಗಸ್ಟ್ 27ರಂದು ಸುಮಾರು 70 ಅಡಿ ಆಳಕ್ಕೆ ಕೊರೆದು ಕಲ್ಲೆಣ್ಣೆಯನ್ನು ಕಂಡ. ಈತ ಮೊದಲು ರೈಲ್ವೆ ಕಂಡಕ್ಟರಾಗಿದ್ದವನು. ಅದುವರೆಗೆ ಪಶ್ಚಿಮದ ಉಳ್ಳವರ ಮನೆಗಳಲ್ಲಿ ತಿಮಿಂಗಿಲದ ಎಣ್ಣೆ ಉರಿಯುತ್ತಿತ್ತು. ತಿಮಿಂಗಿಲಗಳು ವಿರಳವಾಗುತ್ತ ಬಂದಿದ್ದವು, ಎಣ್ಣೆ ತುಟ್ಟಿಯಾಗಿತ್ತು. ಕಲ್ಲೆಣ್ಣೆಯಿಂದ ತೆಗೆದ ಸೀಮೆಯೆಣ್ಣೆ ಆ ಕೊರತೆಯನ್ನು ತುಂಬಿತು. ಆದರೆ ಡ್ರೇಕನ ಸುತ್ತಮುತ್ತ ಎಲ್ಲರೂ ನೆಲ ಕೊರೆಯತೊಡಗಿದರು. 1861ರ ಆರಂಭದಲ್ಲಿ ಪೀಪಾಯಿಗೆ 10 ಡಾಲರ್ ಇದ್ದ ಬೆಲೆ ಅದೇ ವರ್ಷದ ಕೊನೆಗೆ 10 ಸೆಂಟಿಗೆ ಇಳಿಯಿತು. ಆ ಪೀಪಾಯಿಯ ಅಳತೆ ಸುಮಾರು 159 ಲೀಟರು. ಇಂದಿಗೂ ಪ್ರಪಂಚದ ಎಣ್ಣೆಯ ಲೆಕ್ಕ ಈ ಪೀಪಾಯಿಯಲ್ಲಿಯೇ ನಡೆಯುತ್ತದೆ.

ಟೈಟಸ್‌ವಿಲ್ಲಿಗೆ ಸಮೀಪದಲ್ಲಿ ಪಿಟ್‌ಹೋಲ್ ಎಂಬ ಊರು ಹುಟ್ಟಿದ ಮತ್ತು ಸತ್ತ ಬಗೆಯನ್ನು ನಾನು ಪ್ರತಿವರ್ಷವೂ ನನ್ನ ತರಗತಿಯಲ್ಲಿ ಹೇಳುತ್ತೇನೆ. 1865ರ ಜನವರಿಯಲ್ಲಿ ಅಲ್ಲಿ ಎಣ್ಣೆ ಸಿಕ್ಕಿತು. ಸೆಪ್ಟೆಂಬರಿನ ಹೊತ್ತಿಗೆ ಕಾಡಿದ್ದ ಜಾಗದಲ್ಲಿ ಹದಿನೈದು ಸಾವಿರ ಜನ! ಹೋಟೆಲುಗಳು, ಬ್ಯಾಂಕು, ನಾಟಕಶಾಲೆ ಎಲ್ಲವೂ ಎದ್ದವು. ಎಲ್ಲರೂ ಒಂದೇ ನೆಲದಡಿಯ ಎಣ್ಣೆಯನ್ನು ಒಬ್ಬರಿಗಿಂತ ಒಬ್ಬರು ಮೊದಲು ಹೀರಲು ಹೋದುದರಿಂದ ಬಾವಿಗಳು ಬೇಗ ಸೋತುವು, ಬೆಂಕಿಯೂ ಬಿತ್ತು. ಕೆಲವೇ ವರ್ಷಗಳಲ್ಲಿ ಊರು ಹಾಳು ಬಿದ್ದಿತು. 1865ರಲ್ಲಿ ಇಪ್ಪತ್ತು ಲಕ್ಷ ಡಾಲರಿಗೆ ಮಾರಾಟವಾದ ಅಲ್ಲಿಯ ಒಂದು ಭೂಮಿ 1878ರಲ್ಲಿ ಹರಾಜಿಗೆ ಬಂದಾಗ ಅದಕ್ಕೆ ಬಂದ ಬೆಲೆ 4 ಡಾಲರು 37 ಸೆಂಟು. ಹೀಗೆ ಎಣ್ಣೆಯ ಯುಗ ಆರಂಭವಾಗಿ ಇಪ್ಪತ್ತು ವರ್ಷ ತುಂಬುವ ಮೊದಲೇ, ಎಣ್ಣೆ ತೀರಿದರೆ ಏನಾಗುತ್ತದೆಂಬುದಕ್ಕೆ ಒಂದು ಊರು ಸಾಕ್ಷಿಯಾಯಿತು. ಆದರೆ ಜಗತ್ತು ಅದನ್ನು ಲೆಕ್ಕಿಸಲಿಲ್ಲ. ಬೇರೆ ಕಡೆ ಬೇರೆ ಬಾವಿ ಸಿಗುತ್ತಿತ್ತಲ್ಲ!

ಈ ಎಣ್ಣೆ ನಮ್ಮ ಹಳ್ಳಿಗಳಿಗೆ ಬಂದದ್ದು ತಗಡಿನ ಡಬ್ಬಗಳಲ್ಲಿ. ಅಮೆರಿಕದ ರಾಕ್‌ಫೆಲರನ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ನೀಲಿ ಡಬ್ಬದಲ್ಲಿ ಕಳುಹಿಸುತ್ತಿತ್ತು. ಲಂಡನ್ನಿನ ಮಾರ್ಕಸ್ ಸ್ಯಾಮ್ಯುಯಲ್ ಎಂಬ ವ್ಯಾಪಾರಿ 1892ರಲ್ಲಿ ‘ಮ್ಯೂರೆಕ್ಸ್’ ಎಂಬ ಹಡಗಿನ ಹೊಟ್ಟೆಯಲ್ಲಿಯೇ ರಷ್ಯದ ಸೀಮೆಯೆಣ್ಣೆಯನ್ನು ತುಂಬಿ ಸೂಯೆಜ್ ಕಾಲುವೆಯ ಮೂಲಕ ಏಷ್ಯಕ್ಕೆ ತಂದ. ಡಬ್ಬದ ಖರ್ಚು ಉಳಿಯಿತು, ಜನರು ತಮ್ಮ ತಮ್ಮ ಪಾತ್ರೆಗಳನ್ನೇ ತರುತ್ತಾರೆ ಎಂದು ಅವನ ಲೆಕ್ಕಾಚಾರ. ಆದರೆ ವ್ಯಾಪಾರ ನಡೆಯಲಿಲ್ಲ. ಏಷ್ಯದ ಜನಕ್ಕೆ ಎಣ್ಣೆಯಷ್ಟೇ ಆ ಡಬ್ಬವೂ ಬೇಕಾಗಿತ್ತು! ಕೊನೆಗೆ ಅವನೂ ತಗಡು ತರಿಸಿ ಕೆಂಪು ಡಬ್ಬಗಳನ್ನು ಮಾಡಿಸಬೇಕಾಯಿತು. ಇದರ ಅರ್ಥ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತು. ಸೀಮೆಯೆಣ್ಣೆಯ ಡಬ್ಬದಲ್ಲಿ ನೀರು ಹೊತ್ತರು, ರಾಗಿ ತುಂಬಿಟ್ಟರು, ಅದನ್ನು ಬಿಚ್ಚಿ ಚಪ್ಪಟೆ ಮಾಡಿ ಸೂರಿಗೆ ಹೊದಿಸಿದರು. ಡಬ್ಬ ರಿಪೇರಿಯವನು ಅದರಿಂದಲೇ ಬುಡ್ಡಿದೀಪ, ಲಾಳಿಕೆ ಮಾಡಿಕೊಟ್ಟ. ಹರಳೆಣ್ಣೆಯ ಹಣತೆ, ಹೊಂಗೆ ಎಣ್ಣೆಯ ಸೊಡರು ದೇವರ ಮುಂದೆ ಮಾತ್ರ ಉಳಿದು, ಉಳಿದ ಮನೆಯೆಲ್ಲ ಬುಡ್ಡಿ ಮತ್ತು ಲಾಂದ್ರಗಳ ವಶವಾಯಿತು. ಬೆಂಗಳೂರಿನ ಬೀದಿಗಳಿಗೆ ಶಿವನಸಮುದ್ರದ ವಿದ್ಯುತ್ತು 1905ರಲ್ಲಿ ಬಂದಿತೆಂಬುದು ನಿಜ. ಆದರೆ ಅಸಂಖ್ಯ ಹಳ್ಳಿಗಳು ಇನ್ನೂ ಅರವತ್ತು ಎಪ್ಪತ್ತು ವರ್ಷ ಈ ಎಣ್ಣೆಯ ಬೆಳಕಿನಲ್ಲಿಯೇ ಬಾಳಿದವು.

ಭಾರತದಲ್ಲಿ ಎಣ್ಣೆ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಅಸ್ಸಾಮಿನ ಡಿಗ್‌ಬಾಯಿಯಲ್ಲಿ 1889ರಲ್ಲಿ ಎಣ್ಣೆ ಸಿಕ್ಕಿ, 1901ರಲ್ಲಿ ಅಲ್ಲಿ ಶುದ್ಧೀಕರಣದ ಕಾರ್ಖಾನೆಯೂ ಆಯಿತು. ಆದರೆ ದೇಶದ ಹಸಿವಿಗೆ ಅದು ಸಾಲದು. ಬರ್ಮಾದಿಂದ ಬರುತ್ತಿದ್ದ ಎಣ್ಣೆಯನ್ನೇ ನಾವು ಬಹುವಾಗಿ ನಂಬಿದ್ದೆವು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು 1942ರ ಮಾರ್ಚಿಯಲ್ಲಿ ರಂಗೂನನ್ನು ಹಿಡಿದರು. ಏಪ್ರಿಲಿನಲ್ಲಿ, ಶತ್ರುವಿನ ಕೈಸೇರಬಾರದೆಂದು, ಹಿಮ್ಮೆಟ್ಟುತ್ತಿದ್ದ ಬ್ರಿಟಿಷರೇ ಯೆನಾಂಗ್‌ಯಾಂಗಿನ ಎಣ್ಣೆ ಬಾವಿಗಳನ್ನು ನಾಶಮಾಡಿದರು. ಬಾವಿಯಲ್ಲಿ ಎಣ್ಣೆ ಬತ್ತಿರಲಿಲ್ಲ; ಆದರೂ ಸಾವಿರಾರು ಮೈಲಿ ದೂರದ ಮೈಸೂರು ಸೀಮೆಯಲ್ಲಿ ದೀಪ ಸಣ್ಣದಾಯಿತು.

ಆ ಕಾಲದ ಇದ್ದಿಲು ಬಸ್ಸಿನ ಕಥೆಯನ್ನು ನಮ್ಮ ತಂದೆಯವರು ಬಣ್ಣಿಸಿ ಹೇಳುತ್ತಿದ್ದರು. ಬಸ್ಸಿನ ಹಿಂಭಾಗದಲ್ಲಿ ಎತ್ತರವಾದ ಒಂದು ಕಬ್ಬಿಣದ ಕೊಳಗ. ಅದರೊಳಗೆ ಇದ್ದಿಲನ್ನು ತುಂಬಿ, ಗಾಳಿಯನ್ನು ಸ್ವಲ್ಪವೇ ಬಿಟ್ಟು ಉರಿಸಿದರೆ, ಪೂರ್ತಿ ಸುಡದ ಒಂದು ಅನಿಲ ಬರುತ್ತದೆ. ಅದನ್ನು ಸೋಸಿ, ತಣಿಸಿ, ಪೆಟ್ರೋಲಿಗೆ ಬದಲಾಗಿ ಎಂಜಿನ್ನಿಗೆ ಕೊಡುತ್ತಿದ್ದರು. ಬಸ್ಸು ಹೊರಡುವ ಮೊದಲು ಕ್ಲೀನರು ಗಾಳಿಯ ಚಕ್ರವನ್ನು ತಿರುಗಿಸಿ ತಿರುಗಿಸಿ ಬೆವರಬೇಕು. ಏರು ಬಂದರೆ ಪ್ರಯಾಣಿಕರೆಲ್ಲ ಇಳಿದು ತಳ್ಳಬೇಕು. ‘ಟಿಕೀಟೂ ತೆಗೆದುಕೊಂಡು, ಬಸ್ಸನ್ನೂ ನಾವೇ ತಳ್ಳಿ, ಮುಖಕ್ಕೆಲ್ಲ ಮಸಿ ಬಳಿದುಕೊಂಡು ಮದುವೆಯ ಮನೆಗೆ ಹೋದೆವು’ ಎಂದು ಅವರು ನಗುತ್ತಿದ್ದರು. ನಗು ಬಂದದ್ದು ಆಮೇಲೆ. ಇದ್ದಿಲಿಗಾಗಿ ಬಿದ್ದ ಮರಗಳು ಮತ್ತೆ ಏಳಲಿಲ್ಲ.

ಯುದ್ಧ ಮುಗಿದ ಮೇಲೆ ಅರೇಬಿಯ, ಇರಾನು, ಕುವೈತುಗಳ ಎಣ್ಣೆ ಪ್ರವಾಹದಂತೆ ಬಂದಿತು. ಅಗ್ಗವಾದದ್ದನ್ನು ಮನುಷ್ಯ ಅಗ್ಗವಾಗಿಯೇ ಬಳಸುತ್ತಾನೆ. ದೀಪದ ಎಣ್ಣೆಯಾಗಿದ್ದದ್ದು ಮೋಟಾರಿನ, ವಿಮಾನದ, ಉಳುವ ಟ್ರ್ಯಾಕ್ಟರಿನ, ರಸಗೊಬ್ಬರದ, ಪ್ಲಾಸ್ಟಿಕ್ಕಿನ, ನೈಲಾನಿನ ಎಣ್ಣೆಯಾಯಿತು. ಆಗ, 1956ರ ಮಾರ್ಚಿಯಲ್ಲಿ, ಶೆಲ್ ಕಂಪನಿಯ ಭೂವಿಜ್ಞಾನಿ ಕಿಂಗ್ ಹಬರ್ಟ್ ಎಂಬವರು ಟೆಕ್ಸಾಸಿನ ಸ್ಯಾನ್ ಆಂಟೋನಿಯೋ ನಗರದಲ್ಲಿ ಎಣ್ಣೆಯ ಉದ್ಯಮದವರೇ ಸೇರಿದ್ದ ಒಂದು ಸಭೆಯಲ್ಲಿ ಅಹಿತವಾದ ಮಾತೊಂದನ್ನಾಡಿದರು. ಅಮೆರಿಕದ ಎಣ್ಣೆಯ ಉತ್ಪತ್ತಿ 1970ರ ಸುಮಾರಿಗೆ ಶಿಖರವನ್ನು ಮುಟ್ಟಿ ಇಳಿಯತೊಡಗುತ್ತದೆ ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ಹಲವರು ನಕ್ಕರು.

ಅವರ ತರ್ಕವನ್ನು ನಾವೂ ತಿಳಿಯಬೇಕು. ಎಣ್ಣೆಯ ಬಾವಿ ಎಂದರೆ ನೆಲದಡಿಯ ಕೆರೆ ಎಂದು ಅನೇಕರು ಭಾವಿಸಿದ್ದಾರೆ. ಹಾಗಲ್ಲ. ನೀರಿನಲ್ಲಿ ನೆನೆದ ಇಟ್ಟಿಗೆಯಲ್ಲಿ ನೀರಿರುವಂತೆ, ಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ಎಣ್ಣೆ ಅಡಗಿರುತ್ತದೆ. ಮೊದಲು ಭೂಮಿಯ ಒತ್ತಡಕ್ಕೆ ಅದು ತಾನಾಗಿಯೇ ಚಿಮ್ಮುತ್ತದೆ. ಒತ್ತಡ ಇಳಿದ ಮೇಲೆ ಪಂಪು ಹಾಕಬೇಕು. ಆಮೇಲೆ ನೀರನ್ನೋ ಅನಿಲವನ್ನೋ ಒಳಕ್ಕೆ ನುಗ್ಗಿಸಿ ತಳ್ಳಬೇಕು. ಗಾಣಕ್ಕೆ ಹಾಕಿದ ಕಬ್ಬಿನ ಹಾಗೆ: ಮೊದಲ ಹಿಂಡಿಗೆ ರಸ ಧಾರಾಳ, ಮೂರನೆಯ ಹಿಂಡಿಗೆ ಎತ್ತಿನ ದುಡಿಮೆಯೇ ಹೆಚ್ಚು. ಸಿಪ್ಪೆಯಲ್ಲಿ ಕೊಂಚ ರಸ ಉಳಿದೇ ಇರುತ್ತದೆ, ಆದರೆ ಅದನ್ನು ತೆಗೆಯುವ ಕೂಲಿ ಬೆಲ್ಲದ ಬೆಲೆಯನ್ನು ಮೀರುತ್ತದೆ. ಹಾಗಾಗಿ ಎಣ್ಣೆ ಒಂದು ದಿನ ಥಟ್ಟನೆ ಮುಗಿಯುವುದಿಲ್ಲ. ಸುಲಭವಾದ ಎಣ್ಣೆ ಮೊದಲು ಮುಗಿಯುತ್ತದೆ, ಕಷ್ಟದ ಎಣ್ಣೆ ಉಳಿಯುತ್ತದೆ.

ಹಬರ್ಟರ ಮಾತು ನಿಜವಾಯಿತು. ಅಮೆರಿಕದ ಉತ್ಪತ್ತಿ 1970ರಲ್ಲಿ ಶಿಖರ ಮುಟ್ಟಿ ಇಳಿಯಿತು. ಆದರೆ ಇತಿಹಾಸವನ್ನು ಹೇಳುವವನು ಅರ್ಧ ಹೇಳಿ ನಿಲ್ಲಿಸಬಾರದು. ಬಿಗಿಯಾದ ಪದರಗಲ್ಲುಗಳನ್ನು ನೀರು, ಮರಳು ಮತ್ತು ರಾಸಾಯನಿಕಗಳ ಒತ್ತಡದಿಂದ ಸೀಳಿ ಎಣ್ಣೆ ತೆಗೆಯುವ ವಿದ್ಯೆ ಬೆಳೆದು, 2018ರಲ್ಲಿ ಅಮೆರಿಕ ತನ್ನ 1970ರ ಶಿಖರವನ್ನೇ ದಾಟಿತು. ‘ಎಣ್ಣೆ ಮುಗಿಯಿತು’ ಎಂದು ದಿನ ಗೊತ್ತುಮಾಡಿದ ಜ್ಯೋತಿಷಿಗಳು ಹಲವು ಸಲ ಸೋತಿದ್ದಾರೆ. ಹಾಗೆಂದು ನಿಶ್ಚಿಂತರಾಗಲೂ ಆಗದು. ಹಾಗೆ ಸೀಳಿದ ಬಾವಿಯ ಹುಟ್ಟುವಳಿ ಮೊದಲನೆಯ ವರ್ಷದಲ್ಲಿಯೇ ಬಹಳವಾಗಿ ಕುಸಿಯುತ್ತದೆ. ಮತ್ತೆ ಮತ್ತೆ ಹೊಸದನ್ನು ಕೊರೆಯುತ್ತಲೇ ಇರಬೇಕು. ಅದು ಮೂರನೆಯ ಹಿಂಡಿನ ರಸ.

ಇನ್ನು 1973ರ ವಿಚಾರ. ಅಮೆರಿಕದ ಉತ್ಪತ್ತಿ ಇಳಿದುದರಿಂದ ಪ್ರಪಂಚದ ಎಣ್ಣೆಯ ಕೀಲಿಕೈ ಕೊಲ್ಲಿಯ ದೇಶಗಳ ಕೈಗೆ ಹೋಗಿತ್ತು. ಅಕ್ಟೋಬರ್ 6ರಂದು ಅರಬ್ಬರಿಗೂ ಇಸ್ರೇಲಿಗೂ ಯುದ್ಧ ಹತ್ತಿತು. ಅರಬ್ ದೇಶಗಳು ಎಣ್ಣೆಯ ಉತ್ಪತ್ತಿಯನ್ನು ಕಡಿಮೆ ಮಾಡಿ, ಇಸ್ರೇಲಿನ ಪಕ್ಷದವರಿಗೆ ಕೊಡುವುದನ್ನೇ ನಿಲ್ಲಿಸಿದವು. ಪೀಪಾಯಿಗೆ ಸುಮಾರು 3 ಡಾಲರ್ ಇದ್ದ ಬೆಲೆ 1974ರ ಜನವರಿಯ ಹೊತ್ತಿಗೆ 11 ಡಾಲರನ್ನು ದಾಟಿತು. ಮೂರು ತಿಂಗಳಲ್ಲಿ ನಾಲ್ಕು ಪಟ್ಟು!

ಆಗ ನಿತ್ಯಜೀವನದಲ್ಲಿ ಆದ ಬದಲಾವಣೆಗಳನ್ನು ನೋಡಿ. ಹಾಲೆಂಡಿನಲ್ಲಿ ಭಾನುವಾರ ಮೋಟಾರು ಓಡಿಸಕೂಡದೆಂದು ಆಜ್ಞೆಯಾಯಿತು. ಹೆದ್ದಾರಿಗಳಲ್ಲಿ ಮಕ್ಕಳು ಸೈಕಲ್ಲು ಬಿಟ್ಟರು, ಕೆಲವರು ಕುದುರೆಯೇರಿ ಬಂದರು. ಬ್ರಿಟನ್ನಿನಲ್ಲಿ ಎಣ್ಣೆಯ ಕೊರತೆಗೆ ಕಲ್ಲಿದ್ದಲ ಗಣಿಗಾರರ ಮುಷ್ಕರವೂ ಸೇರಿ, 1974ರ ಜನವರಿಯಿಂದ ಮಾರ್ಚಿಯವರೆಗೆ ಕಾರ್ಖಾನೆಗಳಿಗೆ ವಾರಕ್ಕೆ ಮೂರೇ ದಿನ ವಿದ್ಯುತ್ತು. ರಾತ್ರಿ ಹತ್ತೂವರೆಗೆ ಟೆಲಿವಿಷನ್ ನಿಲ್ಲಿಸಬೇಕೆಂದು ಅಪ್ಪಣೆ. ಜಪಾನಿನ ಒಸಾಕಾ ಕಡೆ ಕಾಗದ ಸಿಗದಾಗುತ್ತದೆಂಬ ವದಂತಿ ಹಬ್ಬಿ, ಗೃಹಿಣಿಯರು ಶೌಚದ ಕಾಗದಕ್ಕಾಗಿ ಅಂಗಡಿಗಳಿಗೆ ಮುತ್ತಿಗೆ ಹಾಕಿದರು. ಕಾಗದವೇನೋ ಸಾಕಷ್ಟಿತ್ತು, ಹೆದರಿ ಕೊಂಡದ್ದರಿಂದಲೇ ಅಂಗಡಿ ಬರಿದಾಯಿತು. ನಮ್ಮ ದಿಲ್ಲಿಯಲ್ಲಿ ಪೆಟ್ರೋಲಿನ ಬೆಲೆಯೇರಿಕೆಯನ್ನು ಪ್ರತಿಭಟಿಸಿ ವಿರೋಧಪಕ್ಷದ ಅಟಲ್ ಬಿಹಾರಿ ವಾಜಪೇಯಿಯವರು ನವೆಂಬರಿನಲ್ಲಿ ಎತ್ತಿನ ಗಾಡಿಯೇರಿ ಸಂಸತ್ತಿಗೆ ಬಂದರು.

ಆದರೆ ಸ್ನೇಹಿತರೇ, ಮೋಟಾರು ಇಲ್ಲದವನಿಗೆ ಭಾನುವಾರದ ನಿಷೇಧದಿಂದ ನಷ್ಟವೇನು? ನಮ್ಮ ದೇಶದ ನಿಜವಾದ ಪೆಟ್ಟು ಬೇರೆ ಎರಡು ಕಡೆ ಬಿದ್ದಿತು. ಒಂದು, ಗದ್ದೆಯಲ್ಲಿ. ಯೂರಿಯಾ ಗೊಬ್ಬರವನ್ನು ಆಗ ಬಹುಮಟ್ಟಿಗೆ ಕಚ್ಚಾ ಎಣ್ಣೆಯಿಂದ ಬರುವ ನಾಫ್ತಾದಿಂದ ಮಾಡುತ್ತಿದ್ದರು. ಹಸುರು ಕ್ರಾಂತಿಯ ಹೊಸ ತಳಿಗಳನ್ನು ನಂಬಿದ್ದ ರೈತನಿಗೆ ಗೊಬ್ಬರ ದುರ್ಲಭವಾಯಿತು, ದುಬಾರಿಯಾಯಿತು. ಎರಡು, ಅಡಿಗೆಮನೆಯಲ್ಲಿ. ಸೌದೆಯ ಒಲೆಯಿಂದ ಆಗತಾನೆ ಪಂಪ್ ಸ್ಟೋವಿಗೆ ಬಡ್ತಿ ಹೊಂದಿದ್ದ ಸಾಮಾನ್ಯ ಸಂಸಾರದ ಹೆಂಗಸು ಮತ್ತೆ ಹೊಗೆಯ ಮುಂದೆ ಕೂತಳು.

ಕಷ್ಟಕಾಲ ಪಾಠವನ್ನೂ ಕಲಿಸುತ್ತದೆ. 1974ರಲ್ಲಿಯೇ ಬೊಂಬಾಯಿಯ ಪಶ್ಚಿಮದ ಕಡಲಿನಲ್ಲಿ ‘ಸಾಗರ ಸಮ್ರಾಟ್’ ಎಂಬ ಕೊರೆಯುವ ಹಡಗು ಎಣ್ಣೆಯನ್ನು ಕಂಡಿತು. 1976ರಿಂದ ಬಾಂಬೆ ಹೈ ಎಂಬ ಆ ನೆಲೆಯ ಎಣ್ಣೆ ದೇಶಕ್ಕೆ ಒದಗಿತು. ಅದೇ 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಎಂಬ ವಿಭಾಗವನ್ನು ಆರಂಭಿಸಿದರು. ಹಳ್ಳಿಯ ಶಕ್ತಿಯ ಲೆಕ್ಕವನ್ನು ಒಲೆಯಿಂದ ಹಿಡಿದು ಮಾಡಿದ ವಿದ್ವಾಂಸರು ಅವರು. ಕಡಿಮೆ ಸೌದೆಯಲ್ಲಿ, ಹೊಗೆ ಕೊಳವೆಯಿಂದಾಚೆ ಹೋಗುವಂತೆ ಉರಿಯುವ ‘ಅಸ್ತ್ರ ಒಲೆ’ ಅಲ್ಲಿಂದಲೇ ನಮ್ಮ ಹಳ್ಳಿಗಳಿಗೆ ಬಂದದ್ದು. ಬ್ರೆಜಿಲ್ ದೇಶ 1975ರಲ್ಲಿ ಕಬ್ಬಿನಿಂದ ಮದ್ಯಸಾರ ತೆಗೆದು ಮೋಟಾರುಗಳಿಗೆ ಕುಡಿಸುವ ಯೋಜನೆಯನ್ನು ಹೂಡಿತು.

ಅಷ್ಟರಲ್ಲಿ ಎರಡನೆಯ ಪೆಟ್ಟು ಬಂತು. 1979ರಲ್ಲಿ ಇರಾನಿನ ಷಾ ದೇಶಬಿಟ್ಟು ಓಡಿದರು. ಅಲ್ಲಿಯ ಎಣ್ಣೆ ಕುಗ್ಗಿ, ಬೆಲೆ ಮತ್ತೆ ಎರಡು ಪಟ್ಟಿಗೂ ಮೇಲಾಯಿತು. ಇತ್ತ ಅಸ್ಸಾಮಿನ ಚಳವಳಿಯಲ್ಲಿ ಅಲ್ಲಿಂದ ಹೊರಡಬೇಕಾದ ಎಣ್ಣೆಯನ್ನು ತಡೆದರು. 1980ರ ಸೆಪ್ಟೆಂಬರಿನಲ್ಲಿ ಇರಾನು ಇರಾಕುಗಳು ಯುದ್ಧಕ್ಕಿಳಿದವು. ನಮ್ಮ ಊರಿನ ಸೊಸೈಟಿಯ ಮುಂದೆ ಅಕ್ಕ ಡಬ್ಬ ಹಿಡಿದು ನಿಂತದ್ದು ಈ ವರ್ಷ! ತೆಹರಾನಿನ ಬೀದಿಯಲ್ಲಿಯೂ ಅಸ್ಸಾಮಿನ ಕೊಳವೆಯ ಬಳಿಯಲ್ಲಿಯೂ ನಡೆದುದರ ಲೆಕ್ಕ ಹೀಗೆ ಹೆಸರೂ ಕೇಳದ ಒಂದು ಊರಿನ ಹುಡುಗಿಯ ಅಂಕಪಟ್ಟಿಯಲ್ಲಿ ಬರೆಯಲ್ಪಟ್ಟಿತು.

ಮನುಷ್ಯನ ಮರೆವಿಗೂ ಇತಿಹಾಸದಲ್ಲಿ ಒಂದು ಪುಟವಿದೆ. ಅಮೆರಿಕದ ಅಧ್ಯಕ್ಷ ಕಾರ್ಟರ್ 1979ರಲ್ಲಿ ತಮ್ಮ ಶ್ವೇತಭವನದ ಚಾವಣಿಯ ಮೇಲೆ ಬಿಸಿಲಿನಿಂದ ನೀರು ಕಾಯಿಸುವ ಫಲಕಗಳನ್ನು ಹಾಕಿಸಿದ್ದರು. 1986ರಲ್ಲಿ ಎಣ್ಣೆಯ ಬೆಲೆ ಬಿದ್ದುಹೋಯಿತು. ಅದೇ ವರ್ಷ ಚಾವಣಿಯ ದುರಸ್ತಿಗೆಂದು ಇಳಿಸಿದ ಆ ಫಲಕಗಳನ್ನು ಮತ್ತೆ ಏರಿಸಲಿಲ್ಲ. ನಮ್ಮಲ್ಲಿಯೂ ಎಷ್ಟೋ ಗೋಬರ್ ಗ್ಯಾಸಿನ ಗುಂಡಿಗಳು ಕಸದ ಗುಂಡಿಗಳಾದುವು. ಮರೆತದ್ದಕ್ಕೆ ದಂಡ ತೆರಲು ತಡವಾಗಲಿಲ್ಲ. 1990ರಲ್ಲಿ ಇರಾಕು ಕುವೈತನ್ನು ನುಂಗಿದಾಗ ಎಣ್ಣೆಯ ಬೆಲೆ ಏರಿ, ಮೊದಲೇ ಸೊರಗಿದ್ದ ನಮ್ಮ ವಿದೇಶಿ ವಿನಿಮಯ ಕರಗಿಹೋಯಿತು. 1991ರಲ್ಲಿ ದೇಶದ ಚಿನ್ನವನ್ನು ಹೊರದೇಶದಲ್ಲಿ ಒತ್ತೆಯಿಡಬೇಕಾದ ಪರಿಸ್ಥಿತಿಗೆ ಇದೂ ಒಂದು ಮುಖ್ಯ ಕಾರಣ. ಮನೆಯ ಹೆಂಗಸಿನ ಬಳೆ ಒತ್ತೆಗೆ ಹೋದರೆ ಆಗುವ ಸಂಕಟವನ್ನು ಒಂದು ದೇಶವೇ ಅನುಭವಿಸಿತು.

ಅದೇ ಹೊತ್ತಿಗೆ ಕ್ಯೂಬ ಎಂಬ ದ್ವೀಪದಲ್ಲಿ ಇನ್ನೂ ತೀವ್ರವಾದ ಪರೀಕ್ಷೆ ನಡೆಯಿತು. ಆ ದೇಶಕ್ಕೆ ಬೇಕಾದ ಎಣ್ಣೆಯ ಬಹುಪಾಲು ಸೋವಿಯೆತ್ ಒಕ್ಕೂಟದಿಂದ, ಅಗ್ಗವಾಗಿ ಬರುತ್ತಿತ್ತು. 1991ರಲ್ಲಿ ಆ ಒಕ್ಕೂಟವೇ ಒಡೆದುಹೋಯಿತು. ಬಸ್ಸುಗಳು ನಿಂತವು, ಟ್ರ್ಯಾಕ್ಟರುಗಳು ನಿಂತವು, ದಿನದಲ್ಲಿ ಎಷ್ಟೋ ಗಂಟೆ ದೀಪವಿಲ್ಲ. ಸರ್ಕಾರ ಚೀನದಿಂದ ಹತ್ತು ಲಕ್ಷಕ್ಕೂ ಹೆಚ್ಚು ಸೈಕಲ್ಲುಗಳನ್ನು ತರಿಸಿ ಹಂಚಿತು. ಉಳಲು ಎತ್ತುಗಳನ್ನು ಪಳಗಿಸಿದರು. ಹವಾನಾ ನಗರದ ಖಾಲಿ ನಿವೇಶನಗಳಲ್ಲಿ ತರಕಾರಿಯ ಮಡಿಗಳೆದ್ದುವು. ಇದನ್ನು ಕೆಲವರು ಸ್ವರ್ಗದಂತೆ ವರ್ಣಿಸುತ್ತಾರೆ. ಅದು ಸರಿಯಲ್ಲ. ಜನರು ಹೊಟ್ಟೆಗೆ ಸಾಲದೆ ಮೈಯಿಳಿದರು. ಪೌಷ್ಟಿಕಾಹಾರವಿಲ್ಲದೆ ಸಾವಿರಾರು ಮಂದಿಯ ಕಣ್ಣು ಮಂಜಾಯಿತು. ಆದರೂ ಒಂದು ಮಾತು ನಿಜ: ಇದ್ದದ್ದನ್ನು ಚೀಟಿಯ ಮೂಲಕ ಎಲ್ಲರಿಗೂ ಅಷ್ಟಿಷ್ಟು ಹಂಚಿದ್ದರಿಂದ ಆ ದೇಶ ಕ್ಷಾಮದ ಬಾಯಿಗೆ ಪೂರ್ತಿ ಬೀಳಲಿಲ್ಲ.

ಈಗ ನಮ್ಮ ಮನೆಗೆ ಬರೋಣ. ‘ಸೀಮೆಯೆಣ್ಣೆಯ ಕಾಲ ಹೋಯಿತು, ಮನೆಯಲ್ಲಿ ವಿದ್ಯುತ್ತಿದೆ, ಗ್ಯಾಸಿದೆ, ನಮಗೇನು?’ ಎಂದು ಹೊಸ ತಲೆಮಾರಿನವರು ಕೇಳಬಹುದು. ಬೆಳಗಾಗೆದ್ದು ಹಿಡಿಯುವ ಹಲ್ಲುಜ್ಜುವ ಬ್ರಷ್ಷು, ಬಚ್ಚಲಿನ ಬಕೀಟು, ಹಾಲಿನ ಪೊಟ್ಟಣ ಇವೆಲ್ಲ ಎಣ್ಣೆಯ ಮಕ್ಕಳು. ಮನೆಯ ಮುಂದಿನ ಡಾಂಬರು ಎಣ್ಣೆಯ ತಳದ ಗಷ್ಟು. ಮಾರುಕಟ್ಟೆಯ ಕೋಸು, ಟೊಮೆಟೊಗಳು ಲಾರಿಯ ಡೀಸಲನ್ನು ಕುಡಿದು ಬಂದವು. ಒಲೆಯ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹೊರದೇಶದ್ದು. ಡಬ್ಬದಲ್ಲಿ ಕಣ್ಣಿಗೆ ಕಾಣುತ್ತಿದ್ದ ಸೀಮೆಯೆಣ್ಣೆ ಈಗ ಕಾಣದಂತೆ ಮನೆಯೆಲ್ಲ ತುಂಬಿಕೊಂಡಿದೆ, ಅಷ್ಟೆ.

ಪ್ರಪಂಚ ಇಂದು ದಿನಕ್ಕೆ ಸುಮಾರು ಹತ್ತು ಕೋಟಿ ಪೀಪಾಯಿ ಎಣ್ಣೆಯನ್ನು ಬಳಸುತ್ತಿದೆ. ಬಾಂಬೆ ಹೈ ನೆಲೆ 1989ರ ಹೊತ್ತಿಗೆ ತನ್ನ ಶಿಖರವನ್ನು ಕಂಡು ಇಳಿಯಿತು. ನಮ್ಮ ದೇಶ ತನಗೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ ಎಂಬತ್ತೈದಕ್ಕಿಂತ ಹೆಚ್ಚಿನದನ್ನು ಹೊರಗಿನಿಂದ ತರಿಸಿಕೊಳ್ಳುತ್ತಿದೆ. ಆಪತ್ಕಾಲಕ್ಕೆಂದು ಭಾರತ ಸರ್ಕಾರ ಮೂರು ಕಡೆ ಬಂಡೆಗಳನ್ನು ಕೊರೆದು ಎಣ್ಣೆಯ ಕಣಜಗಳನ್ನು ಮಾಡಿದೆ. ಅವುಗಳಲ್ಲಿ ಎರಡು ನಮ್ಮ ಕರಾವಳಿಯಲ್ಲಿಯೇ ಇವೆ: ಒಂದು ಮಂಗಳೂರಿನಲ್ಲಿ, ಇನ್ನೊಂದು ಉಡುಪಿ ಜಿಲ್ಲೆಯ ಪಾದೂರಿನಲ್ಲಿ. ಮೂರನೆಯದು ವಿಶಾಖಪಟ್ಟಣ. ನೆಲದೊಳಗಿನ ನೀರಿನ ಒತ್ತಡವೇ ಗೋಡೆಯಾಗಿ ಎಣ್ಣೆ ಸೋರದಂತೆ ಕಾಯುವ ಜಾಣತನದ ರಚನೆ ಅದು. ಹಿಂದೆ ಹಗೇವುಗಳಲ್ಲಿ ರಾಗಿಯನ್ನು ತುಂಬಿಡುತ್ತಿದ್ದ ನಮ್ಮ ಜನಕ್ಕೆ ಇದು ಹೊಸ ವಿಚಾರವಲ್ಲ. ಮೂರೂ ಕಣಜಗಳು ಸೇರಿ ಹಿಡಿಯುವುದು 53 ಲಕ್ಷ ಟನ್ನು ಎಣ್ಣೆ. ತುಂಬಿದ್ದರೆ ದೇಶಕ್ಕೆ ಒಂಬತ್ತೂವರೆ ದಿನಕ್ಕಾದೀತೆಂದು ಸರ್ಕಾರದ ಲೆಕ್ಕ. ಎಣ್ಣೆಯ ಕಂಪನಿಗಳ ತೊಟ್ಟಿಗಳಲ್ಲಿ ಇನ್ನೂ ಕೆಲವು ವಾರಗಳಷ್ಟಿರುತ್ತದೆ. ರಾಗಿಯ ಹಗೇವು ಒಂದು ಬರಗಾಲವನ್ನು ದಾಟಿಸುತ್ತಿತ್ತೆಂಬುದನ್ನು ನೆನೆದರೆ ಇದು ದೊಡ್ಡ ಕಣಜವೇನಲ್ಲ.

ಹಾಗಾದರೆ ದಾರಿಯೇನು? ಎಣ್ಣೆಯೇ ಬೇಡವೆಂದು ನಾನು ಹೇಳಲಾರೆ. ಶಾಲೆಗೆ ನಾನೂ ಬಸ್ಸಿನಲ್ಲಿಯೇ ಹೋಗುತ್ತೇನೆ. ಬಾವಿಗಳು ಬತ್ತುವ ಮೊದಲೇ ಜನರ ಬೇಡಿಕೆ ಇಳಿಯುತ್ತದೆಂದು ಈಗ ಕೆಲವು ಪಂಡಿತರು ಹೇಳುತ್ತಾರೆ. ಪಾವಗಡದ ಬರದ ಬಯಲಿನಲ್ಲಿ ಬಿಸಿಲಿನಿಂದ ವಿದ್ಯುತ್ತನ್ನು ಬೆಳೆಯುತ್ತಿದ್ದಾರೆ. ವಿದ್ಯುತ್ತಿನ ಬಸ್ಸುಗಳು ಬೆಂಗಳೂರಿನ ರಸ್ತೆಗಳಿಗೆ ಬಂದಿವೆ. 1900ರಲ್ಲಿ ಪ್ಯಾರಿಸಿನ ವಸ್ತುಪ್ರದರ್ಶನದಲ್ಲಿ ಡೀಸಲ್ ಎಂಜಿನ್ನೊಂದು ನಮ್ಮ ಕಡಲೆಕಾಯಿಯಂಥದೇ ಕಡಲೆಕಾಯಿಯ ಎಣ್ಣೆಯಿಂದ ಓಡಿತ್ತು. ನೂರು ವರ್ಷದ ಮೇಲೆ ನಮ್ಮ ವಿಜ್ಞಾನ ಸಂಸ್ಥೆಯವರು ಹೊಂಗೆ ಎಣ್ಣೆಯಿಂದ ಎಂಜಿನ್ನು ನಡೆಸಿ ತೋರಿಸಿದರು. ಇವೆಲ್ಲ ಒಳ್ಳೆಯ ಸಂಗತಿಗಳೇ. ಆದರೆ ಹಳೆಯ ಎಣ್ಣೆಯಿಂದ ಹೊಸ ಶಕ್ತಿಗೆ ದಾಟುವ ಸೇತುವೆ ಉದ್ದವಾಗಿದೆ. ಆ ಸೇತುವೆಯ ಮೇಲೆ ಕೊನೆಯಲ್ಲಿ ನಡೆಯುವವರು ಯಾರು ಎಂಬುದೇ ಪ್ರಶ್ನೆ.

ಇತಿಹಾಸ ಇದಕ್ಕೆ ಉತ್ತರವನ್ನು ಹೇಳಿದೆ. 1942ರಲ್ಲಿ, 1973ರಲ್ಲಿ, 1980ರಲ್ಲಿ ಎಲ್ಲಿಯೂ ಭೂಮಿಯ ಎಣ್ಣೆ ಮುಗಿದಿರಲಿಲ್ಲ. ಮುಗಿದದ್ದು ಬಡವನ ಡಬ್ಬದಲ್ಲಿ. ಎಣ್ಣೆ ಬಾವಿಯಲ್ಲಿ ಮೆಲ್ಲಗೆ ಇಳಿಯುತ್ತದೆ. ಮನೆಯಲ್ಲಿ ಮಾತ್ರ ಒಂದೇ ದಿನ ತೀರುತ್ತದೆ, ಅದೂ ಯಾರ ಬಳಿ ಕಡಿಮೆಯಿದೆಯೋ ಅವರ ಮನೆಯಲ್ಲಿ ಮೊದಲು. ಆದ್ದರಿಂದ ಮುಂದೆ ಬರಬಹುದಾದ ಕೊರತೆಗೆ ಸಿದ್ಧತೆಯೆಂದರೆ ಹೊಸ ಬಾವಿಯನ್ನು ಹುಡುಕುವುದಷ್ಟೇ ಅಲ್ಲ. ಹಂಚುವ ಕ್ರಮವನ್ನು ಸುಭಿಕ್ಷದ ಕಾಲದಲ್ಲಿಯೇ ಗೊತ್ತುಮಾಡಿಕೊಳ್ಳುವುದು. ಊರಿಗೆ ಬಸ್ಸು ತಪ್ಪದಂತೆ, ಗದ್ದೆಗೆ ಗೊಬ್ಬರ ತಪ್ಪದಂತೆ, ಸಾಲಿನಲ್ಲಿ ನಿಲ್ಲುವ ಕೆಲಸ ಮನೆಯ ಹುಡುಗಿಗೇ ಬೀಳದಂತೆ ನೋಡಿಕೊಳ್ಳುವುದು.

ಕಳೆದ ದೀಪಾವಳಿಗೆ ಅಕ್ಕನ ಮನೆಗೆ ಹೋಗಿದ್ದೆ. ಅವಳ ಅಡಿಗೆಮನೆಯಲ್ಲಿ ಗ್ಯಾಸಿನ ಸಿಲಿಂಡರು ಎರಡಿವೆ. ಒಂದು ತೀರಿದರೆ ಇನ್ನೊಂದು ಇರುತ್ತದೆ. ಆದರೂ ಕಾಫಿಗೆ ಹಾಲಿಡುವ ಮೊದಲು ಅವಳು ಬಗ್ಗಿ ಸಿಲಿಂಡರನ್ನು ಕೊಂಚ ವಾಲಿಸಿ ಭಾರ ನೋಡಿದಳು. ‘ಯಾಕಕ್ಕಾ, ಇನ್ನೊಂದು ಇದೆಯಲ್ಲ’ ಎಂದೆ. ‘ಅಭ್ಯಾಸ ಕಣೋ’ ಎಂದಳು. ಅವಳ ಮೊಮ್ಮಗಳು ಅಲ್ಲಿಯೇ ಕೂತು ಗಣಿತದ ಲೆಕ್ಕ ಮಾಡುತ್ತಿದ್ದಳು. ಅಕ್ಕ ದೀಪದ ಸ್ವಿಚ್ಚು ಹಾಕಿ, ‘ಬೆಳಕಿಗೆ ಕೂತುಕೋ ಮರಿ’ ಎಂದು ಅವಳ ಮಣೆಯನ್ನು ಹತ್ತಿರಕ್ಕೆ ಎಳೆದಳು.